ಗೋಸುಂಬೆಯ ಗೂಡಿನಲ್ಲಿ ಗಿಡ ಮತ್ತು ದೀಪ

ಕಳೆದ ಸಲ ನಮ್ಮ ಮನೆಯಲ್ಲಿ ಸಾಹಿತ್ಯಗೋಷ್ಠಿ ನಡೆದದ್ದು ಹಲವರಿಗೆ ನೆನಪಿರಬಹುದು. ಕಥಾವಾಚನ ಮುಗಿದು, ಬಿಸಿಬೇಳೆಭಾತಿನ ತಟ್ಟೆ ಕೈಗೆ ಬರುತ್ತಿದ್ದಂತೆ ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಹಾಲಿನ ಮೂಲೆಯಲ್ಲಿದ್ದ ನಾಲ್ಕಡಿ ಎತ್ತರದ ಜಾಲರಿ ಗೂಡಿನ ಸುತ್ತ ಸೇರಿಬಿಟ್ಟರು. "ಎಲ್ಲಿದೆ ಸ್ವಾಮಿ? ಬರೀ ಮನಿಪ್ಲಾಂಟ್ ಕಾಣ್ತಿದೆ!" ಎಂದರು ಒಬ್ಬರು. "ಗೋಸುಂಬೆಗೆ ಇಷ್ಟೊಂದು ದೀಪಾಲಂಕಾರ ಯಾಕೆ, ದಸರೆಗೆ ಬಂತೇ?" ಎಂದರು ಇನ್ನೊಬ್ಬರು. ಆ ಗದ್ದಲದಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. "ಹಾಗಾದರೆ ಬರೆದು ಕೊಡಿ" ಎಂದು ಸಂಪಾದಕರು ಗಂಟುಬಿದ್ದರು. ಕಥೆ ಕವನಗಳ ನಡುವೆ ಇದೆಂಥ ವಿಷಯ ಎಂದು ಮೂಗು ಮುರಿಯುವವರು ದಯವಿಟ್ಟು ಮುಂದಿನ ಪುಟಕ್ಕೆ ಹೋಗಬಹುದು.

ನಮ್ಮ ಮನೆಯ ಗೋಸುಂಬೆಯ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ಇಂಗ್ಲಿಷಿನಲ್ಲಿ ವೇಲ್ಡ್ ಕಮೀಲಿಯನ್ ಎನ್ನುತ್ತಾರೆ. ತಲೆಯ ಮೇಲೆ ಕಿರೀಟದಂಥ ಎತ್ತರದ ಶಿಖೆ. ಅಮೆರಿಕದಲ್ಲಿ ಸಾಕಣೆ ಮನೆಗಳಲ್ಲೇ ಹುಟ್ಟಿ ಬೆಳೆದ ಮರಿಗಳು ಸಿಗುತ್ತವೆ. ನಮ್ಮದೂ ಹಾಗೆ ಬಂದದ್ದು, ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ. ಸುದ್ದಿ ಕೇಳಿ ತುಮಕೂರಿನಿಂದ ಅಮ್ಮ, "ಅಲ್ಲ ಕಣೋ, ಅಷ್ಟು ದೂರ ಹೋಗಿ ಗೋಸುಂಬೆ ಸಾಕ್ತಿದ್ದೀರಲ್ಲೋ! ನಾಯಿ ಬೆಕ್ಕು ಸಿಗಲಿಲ್ವೇ?" ಎಂದು ಫೋನಿನಲ್ಲೇ ತಲೆ ಚಚ್ಚಿಕೊಂಡರು. ಆದರೆ ವಿಡಿಯೋದಲ್ಲಿ ನೋಡಿದ ಮೇಲೆ ಅದಕ್ಕೆ ರಂಗಣ್ಣ ಎಂದು ಹೆಸರಿಟ್ಟವರೂ ಅವರೇ. ಬಣ್ಣ ಬದಲಾಯಿಸುವವನಿಗೆ ಇನ್ನೇನು ಹೆಸರಿಡಲಿಕ್ಕಾಗುತ್ತದೆ? (ಎಂ.ಆರ್.ಶ್ರೀ. ಅವರ ರಂಗಣ್ಣನಿಗೂ ಇವನಿಗೂ ಯಾವ ಸಂಬಂಧವೂ ಇಲ್ಲ. ಆದರೂ ದಿನವಿಡೀ ಕಣ್ಣು ತಿರುಗಿಸುತ್ತಾ ಮನೆ ತಪಾಸಣೆ ಮಾಡುವುದರಲ್ಲಿ ಇವನೂ ಇನ್ಸ್‌ಪೆಕ್ಟರೇ!)

ಇಲ್ಲೊಂದು ಮಾತು. ನಮ್ಮ ಕಡೆಯ ತೋಟ, ಬೇಲಿಗಳಲ್ಲಿ ಕಾಣುವ ಗೋಸುಂಬೆ ಬೇರೆ ಜಾತಿಯದು. ಭಾರತದಲ್ಲಿ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಸಾಕುವಂತಿಲ್ಲ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ, ಅಲ್ಲೇ ಬಿಟ್ಟು ಬನ್ನಿ.

ಗೂಡಿನ ವಿಷಯಕ್ಕೆ ಬರೋಣ. ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಅಲ್ಯುಮಿನಿಯಂ ಚೌಕಟ್ಟು, ಸುತ್ತಲೂ ಮೇಲೂ ಸಣ್ಣ ಕಣ್ಣಿನ ಜಾಲರಿ. ಗೋಸುಂಬೆ ನೆಲದ ಪ್ರಾಣಿಯಲ್ಲ, ಕೊಂಬೆಯ ಪ್ರಾಣಿ. ಅದಕ್ಕೆ ಗಾಳಿಯಾಡಬೇಕು. ತೇವದ ಗಾಳಿ ಕದಲದೆ ನಿಂತರೆ ಉಸಿರಾಟದ ಸೋಂಕು ಹಿಡಿಯುತ್ತದೆ. ಹಾಗೆಂದು ನಾಲ್ಕೂ ಕಡೆ ತೆರೆದಿಟ್ಟರೆ ಶಿಕಾಗೋದ ಜನವರಿಯಲ್ಲಿ ಹೀಟರಿನ ಒಣಗಾಳಿಗೆ ನಮ್ಮ ತುಟಿಯೇ ಒಡೆಯುವಾಗ ಅದರ ಗತಿ ಏನು? ಹಿಂದಿನ ಮತ್ತು ಎರಡು ಪಕ್ಕದ ಜಾಲರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ. ಮುಂಭಾಗ ಮತ್ತು ಚಾವಣಿ ತೆರೆದಿವೆ.

ಗಿಡ ಏಕೆ ಬೇಕು ಎಂದರೆ, ಅದೇ ಇವನ ಮನೆ. ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಹೆದರಿದರೆ ಎಲೆಯ ಹಿಂದೆ ಸರಿಯುತ್ತದೆ, ಸೆಕೆಯಾದರೆ ಎಲೆಯ ನೆರಳಿಗೆ ಇಳಿಯುತ್ತದೆ. ಅಡಗಲು ಜಾಗವಿಲ್ಲದ ಗೋಸುಂಬೆ ದಿನವಿಡೀ ಗಾಬರಿಯಲ್ಲೇ ಇರುತ್ತದೆ. ಮೊದಲ ವಾರ ಒಂದೇ ಒಂದು ಪ್ಲಾಸ್ಟಿಕ್ ಬಳ್ಳಿ ಹಾಕಿಟ್ಟಾಗ ರಂಗಣ್ಣ ಕಪ್ಪಿಟ್ಟ ಮುಖ ಮಾಡಿಕೊಂಡೇ ಕೂತಿದ್ದ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಚಾವಣಿಯ ಜಾಲರಿಗೆ ಕೊಕ್ಕೆ ಸಿಕ್ಕಿಸಿ ಎರಡು ಕುಂಡ ತೂಗುಹಾಕಿದೆವು. ನೋಡಲು ಬಲು ಚೆನ್ನ. ಮೂರನೆಯ ರಾತ್ರಿ ಧಡಾರೆಂದು ಸದ್ದು! ಎದ್ದು ನೋಡಿದರೆ ಒಂದು ಕುಂಡ ತಳದಲ್ಲಿ, ಚಾವಣಿಯಲ್ಲಿ ಕೈ ಹೋಗುವಷ್ಟು ತೂತು, ರಂಗಣ್ಣ ಬೇರೊಂದು ಮೂಲೆಯಲ್ಲಿ ಕಣ್ಣರಳಿಸಿ ಕೂತಿದ್ದಾನೆ. ಮರುದಿನ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು. ಒಣಗಿದಾಗ 900 ಗ್ರಾಂ ಇದ್ದ ಕುಂಡ ನೀರುಂಡ ಮೇಲೆ ಒಂದೂವರೆ ಕಿಲೋ! ಅಂಗಡಿಯಲ್ಲಿ ಎತ್ತಿ ನೋಡಿದ ತೂಕವೇ ಬೇರೆ, ದಿನವೂ ನೀರು ಸಿಂಪಡಿಸುವ ಗೂಡಿನಲ್ಲಿ ಅದು ಪಡೆಯುವ ತೂಕವೇ ಬೇರೆ.

ಗೂಡಿನಲ್ಲಿ ಭಾರ ಹೊರುವುದು ಚೌಕಟ್ಟು ಮಾತ್ರ. ಜಾಲರಿ ಬರೀ ಬಟ್ಟೆಯಿದ್ದಂತೆ. ಈಗ ಎಡ ಚೌಕಟ್ಟಿನಿಂದ ಬಲ ಚೌಕಟ್ಟಿಗೆ ಅಡ್ಡಲಾಗಿ ಮುಕ್ಕಾಲು ಇಂಚು ದಪ್ಪದ ಮರದ ಕೋಲುಗಳನ್ನು ಸ್ಕ್ರೂ ಹಾಕಿ ಕೂರಿಸಿದ್ದೇವೆ, ಮೂರು ಎತ್ತರಗಳಲ್ಲಿ. ಕುಂಡಗಳು ಈ ಕೋಲುಗಳಿಗೆ ದಪ್ಪ ಕೇಬಲ್ ಟೈಗಳಲ್ಲಿ ತೂಗುತ್ತವೆ. ಮಲೆನಾಡಿನ ಅಡಕೆ ಚಪ್ಪರದ ಲೆಕ್ಕವೇ ಇದು: ಹೊರೆ ಗಳಕ್ಕೆ, ಗಳದ ಹೊರೆ ಕಂಬಕ್ಕೆ. ಈ ಕೋಲುಗಳೇ ರಂಗಣ್ಣನ ರಸ್ತೆಯೂ ಆದವು. ಅವನ ಪಾದ ಇಕ್ಕಳದ ಹಾಗೆ ಎರಡು ಕವಲು. ಅದು ಸುತ್ತಿ ಹಿಡಿಯುವಷ್ಟು ದಪ್ಪದ ಕೊಂಬೆಗಳು ಬೇಕು, ಒಂದೇ ದಪ್ಪದವು ಬೇಡ.

ಯಾವ ಗಿಡ? ಈ ಜಾತಿಯ ಗೋಸುಂಬೆ ಹುಳುವಿನ ಜೊತೆ ಎಲೆಯನ್ನೂ ತಿನ್ನುತ್ತದೆ. ಆದ್ದರಿಂದ ವಿಷದ ಗಿಡ ಸಲ್ಲದು. ದಾಸವಾಳ ಅತ್ಯುತ್ತಮ, ಹೂವನ್ನೂ ತಿಂದು ಮುಗಿಸುತ್ತಾನೆ, ದೇವರಿಗೆ ಉಳಿಸುವುದಿಲ್ಲ. ಆಲ ಅರಳಿಗಳ ಬಳಗದ ಫೈಕಸ್ ಬೆಂಜಮಿನಾವನ್ನು ತಳದಲ್ಲಿಟ್ಟಿದ್ದೇವೆ. ತೂಗುಹಾಕಲು ಮಾತ್ರ ಮನಿಪ್ಲಾಂಟ್‌ಗೆ ಸಮನಾದದ್ದಿಲ್ಲ. ಊರಿನಲ್ಲಿ ಕದ್ದು ತಂದ ಮನಿಪ್ಲಾಂಟೇ ಚೆನ್ನಾಗಿ ಬರುತ್ತದೆ ಎನ್ನುತ್ತಾರಲ್ಲ, ಇಲ್ಲಿ ದುಡ್ಡು ಕೊಟ್ಟು ತಂದದ್ದೂ ಚೆನ್ನಾಗಿಯೇ ಬಂತು. ಅದರ ಎಲೆಯಲ್ಲಿ ನಾಲಿಗೆ ಚುರುಗುಟ್ಟಿಸುವ ಆಕ್ಸಲೇಟ್ ಹರಳುಗಳಿವೆ; ಆದರೂ ಸಾಕುವವರು ಬಹಳ ಕಾಲದಿಂದ ಬಳಸುತ್ತಾ ಬಂದಿದ್ದಾರೆ, ನಮ್ಮವನು ಒಂದೆರಡು ಸಲ ಕಚ್ಚಿ ಬಿಟ್ಟ. ಅಂಗಡಿಯಿಂದ ತಂದ ಗಿಡದ ಎಲೆಗಳನ್ನು ತೊಳೆದು, ಗೊಬ್ಬರದ ಗುಳಿಗೆಯಿಲ್ಲದ ಮಣ್ಣಿಗೆ ಬದಲಾಯಿಸಿ, ಅವನು ನುಂಗಲಾಗದಷ್ಟು ದೊಡ್ಡ ಬೆಣಚುಕಲ್ಲುಗಳನ್ನು ಮೇಲೆ ಹರಡಬೇಕು.

ಇನ್ನು ದೀಪ. ಲೇಖನ ಬರೆಯಲು ಒಪ್ಪಿದ್ದೇ ಈ ಭಾಗಕ್ಕಾಗಿ. ನಾವು ತಪ್ಪಿದ್ದು ಇಲ್ಲೇ.

ಗೂಡಿನ ಮೇಲೆ ಮೂರು ದೀಪಗಳಿವೆ. ಒಂದು ಶಾಖಕ್ಕೆ, ಸಾಧಾರಣ ಬುರುಡೆ. ಒಂದು ಗಿಡಗಳಿಗಾಗಿ, ಬಿಳಿ ಎಲ್‌ಇಡಿ. ಮೂರನೆಯದು ಉದ್ದನೆಯ ಟಿ5 ಟ್ಯೂಬು. ಯುವಿಬಿ ಕಿರಣ ಸೂಸುವಂಥದ್ದು. ಗೋಸುಂಬೆಯ ಚರ್ಮದಲ್ಲಿರುವ ಒಂದು ಕೊಬ್ಬಿನ ಪದಾರ್ಥಕ್ಕೆ ಯುವಿಬಿ ತಗುಲಿದರೆ ಅದು ವಿಟಮಿನ್ ಡಿ3ಯ ಪೂರ್ವರೂಪವಾಗುತ್ತದೆ. ಆಮೇಲೆ ಮೈಯ ಬಿಸಿಯಿಂದ ಅದು ಪೂರ್ತಿ ಡಿ3 ಆಗುತ್ತದೆ. ಹಾಗಾಗಿ ಬೆಳಕು, ಶಾಖ ಎರಡೂ ಒಂದೇ ಕೊಂಬೆಯ ಮೇಲೆ ಬೀಳುವುದು ಒಳ್ಳೆಯದು. ಡಿ3 ಇಲ್ಲದಿದ್ದರೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಕಿಟಕಿಯ ಬಳಿ ಇಟ್ಟರೆ ಸಾಲದೇ ಎಂದು ಕೇಳಿದಿರಿ. ಸಾಲದು. ಯುವಿಬಿ ಕಿಟಕಿ ಗಾಜನ್ನು ದಾಟುವುದಿಲ್ಲ.

ಇದನ್ನು ಓದುವವರಲ್ಲಿ ಎಷ್ಟು ಮಂದಿ ವಿಟಮಿನ್ ಡಿ ಮಾತ್ರೆ ನುಂಗುತ್ತಿದ್ದೀರಿ, ಕೈಯೆತ್ತಿ! ಕಾರಣ ಅದೇ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಸ್ಟನ್ನಿನ ನವೆಂಬರ್‌ನಿಂದ ಫೆಬ್ರವರಿವರೆಗಿನ ಬಿಸಿಲಿಗೆ ಚರ್ಮದಲ್ಲಿ ಈ ಪೂರ್ವರೂಪ ಹುಟ್ಟಲೇ ಇಲ್ಲ. ಶಿಕಾಗೋ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಅದರ ಮೇಲೆ ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣಗಳಿಗೆ ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಬಿಸಿಲ ನಾಡಿನಿಂದ ಬಂದು ಇಲ್ಲಿ ಚಳಿಗಾಲ ಕಳೆಯುವುದರಲ್ಲಿ ನಾವೂ ರಂಗಣ್ಣನೂ ಒಂದೇ ದೋಣಿಯ ಪಯಣಿಗರು. ನಾವು ಮಾತ್ರೆಯಲ್ಲಿ ನಿಭಾಯಿಸುತ್ತೇವೆ. ಅವನಿಗೆ ಡಿ3 ಪುಡಿಯನ್ನು ಹೆಚ್ಚಾಗಿ ಉಣಿಸಿದರೆ ಮೈಯಲ್ಲಿ ಶೇಖರವಾಗಿ ವಿಷವಾಗಬಹುದು. ಬೆಳಕಿನಿಂದ ತಯಾರಾದದ್ದು ಹಾಗಲ್ಲ. ಹೆಚ್ಚಾದರೆ ಅದೇ ಬೆಳಕಿಗೆ ನಿರುಪಯೋಗಿ ವಸ್ತುಗಳಾಗಿ ಒಡೆಯುತ್ತದೆ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗಳ ಮೇಲಿನ 2009ರ ಅಧ್ಯಯನವೊಂದು ಇನ್ನೂ ಸೋಜಿಗದ್ದು: ಆಹಾರದಲ್ಲಿ ಡಿ3 ಕಡಿಮೆ ಸಿಕ್ಕವು ತಾವಾಗಿಯೇ ಹೆಚ್ಚು ಯುವಿಗೆ ಮೈಯೊಡ್ಡಿದವು, ಸಾಕಷ್ಟಿದ್ದವು ದೂರ ಸರಿದವು. ಆದರೆ ಗೂಡಿನಲ್ಲಿ ಯುವಿಯೇ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಆದದ್ದು ಇದೇ. ಮೊದಲ ವರ್ಷ ರಂಗಣ್ಣ ಬಿಸಿಲು ಕಾಯುವ ಕೊಂಬೆ ಜಾಲರಿಯಿಂದ ಆರಿಂಚು ಕೆಳಗಿತ್ತು. ಅಷ್ಟರಲ್ಲಿ ಸ್ನೇಹಿತರೊಬ್ಬರ ಗೋಸುಂಬೆ ಬೆನ್ನು ಸುಟ್ಟುಕೊಂಡ ಸುದ್ದಿ ಬಂತು. ಇವು ಚಾವಣಿಯ ಜಾಲರಿಗೇ ತಲೆಕೆಳಗಾಗಿ ಜೋತುಬೀಳುತ್ತವೆ. ಬುರುಡೆ ಜಾಲರಿಯ ಮೇಲೇ ಕೂತಿದ್ದರೆ ಚರ್ಮ ಸುಟ್ಟರೂ ಕದಲದೆ ಕೂತಿರುತ್ತವೆ. ಹೆದರಿದ ನಾವು ಕೊಂಬೆಯನ್ನು ಹತ್ತಿಂಚು ಕೆಳಗಿಳಿಸಿದೆವು. ಶಾಖ ಕಡಿಮೆಯಾಯಿತೆಂದು 60 ವ್ಯಾಟ್ ಬುರುಡೆಯ ಬದಲು 100 ವ್ಯಾಟಿನದು ಹಾಕಿದೆವು. ತಾಪಮಾಪಕ 30 ಡಿಗ್ರಿ ಸೆಲ್ಸಿಯಸ್ ತೋರಿಸಿತು, ನೆಮ್ಮದಿಯಾಯಿತು. ಟ್ಯೂಬಿನ ನೆನಪು ಯಾರಿಗೂ ಬರಲಿಲ್ಲ. ಅದು ದಿನವೂ ಬೆಳಗ್ಗೆ ಏಳಕ್ಕೆ ಹೊತ್ತಿ ಸಂಜೆ ಏಳಕ್ಕೆ ಆರುತ್ತಿತ್ತಲ್ಲ! ನೀಲಿಗೆ ತಿರುಗಿದ ಬಿಳಿ ಬೆಳಕು ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕಾಣದ್ದು ಯುವಿಬಿ. ಟ್ಯೂಬಿಗೆ ಒಂದು ವರ್ಷ ದಾಟಿತ್ತು. ವರ್ಷ ಕಳೆದಂತೆ ಬೆಳಕು ಹಾಗೇ ಇದ್ದು ಯುವಿಬಿ ಮಾತ್ರ ಕುಂದುತ್ತದೆ. ಜಾಲರಿ ಸುಮಾರು ಮೂರನೆಯ ಒಂದು ಪಾಲನ್ನು ತಾನೇ ತಡೆಯುತ್ತದೆ. ಅದರ ಮೇಲೆ ನಮ್ಮ ಹೆಮ್ಮೆಯ ಮನಿಪ್ಲಾಂಟು! ಎಲ್‌ಇಡಿಯ ಕಡೆಗೆ ಹಬ್ಬಿ ಹಬ್ಬಿ ಕೊಂಬೆಯ ಮೇಲೆ ಚಪ್ಪರವಾಗಿತ್ತು. ಗೋಷ್ಠಿಗೆ ಬಂದವರು "ಕಾಡೇ ಮಾಡಿದ್ದೀರಿ" ಎಂದಾಗ ಉಬ್ಬಿದ್ದೆವು.

ಮೊದಲು ಗಮನಿಸಿದ್ದು ಮಗಳು. "ಅಪ್ಪಾ, ರಂಗಣ್ಣ ಗುರಿ ತಪ್ತಿದ್ದಾನೆ" ಎಂದಳು. ಹುಳುವಿನ ಕಡೆ ಚಿಮ್ಮಿದ ನಾಲಿಗೆ ಅರ್ಧಕ್ಕೇ ಬಿದ್ದುಹೋಗುತ್ತಿತ್ತು. ವಯಸ್ಸಿಗೆ ಬರುತ್ತಿದ್ದಾನೆ, ಸೋಮಾರಿ ಎಂದು ತಳ್ಳಿಹಾಕಿದೆವು. ಎರಡು ವಾರ ಕಳೆದ ಮೇಲೆ ಕೊಂಬೆ ಹಿಡಿದ ಮುಂಗಾಲು ಬಾಗಿದಂತೆ ಕಂಡಾಗಲೇ ವೈದ್ಯರ ಬಳಿ ಓಡಿದ್ದು. ಎಕ್ಸ್‌ರೇಯಲ್ಲಿ ಮೂಳೆಗಳು ಪೆನ್ಸಿಲಿನಲ್ಲಿ ಎಳೆದು ಅಳಿಸಿದ ಗೆರೆಗಳಂತಿದ್ದವು. ರಕ್ತದಲ್ಲಿ ಸುಣ್ಣದಂಶ ಇಳಿದರೆ ಹೃದಯ, ಸ್ನಾಯುಗಳು ನಡೆಯುವುದಿಲ್ಲ. ಆದ್ದರಿಂದ ದೇಹ ತನ್ನ ಮೂಳೆಯಿಂದಲೇ ಕೊರೆದು ತೆಗೆದುಕೊಳ್ಳುತ್ತದೆ. ನಾಲಿಗೆ ಸೋತದ್ದೂ ಅದಕ್ಕೇ. ಎಲ್ಲ ದೀಪಗಳೂ ಹೊತ್ತಿಕೊಂಡಿದ್ದ ಗೂಡಿನಲ್ಲಿ ಅವನು ಕತ್ತಲೆಯಲ್ಲಿದ್ದ. ದಿನವೂ ಆಫೀಸಿನಲ್ಲಿ ಸರ್ವರುಗಳ ಹಸಿರು ದೀಪ ನೋಡಿ "ಎಲ್ಲ ಸರಿಯಿದೆ" ಎಂದು ಸಹಿ ಹಾಕಬೇಡಿ ಎಂದು ಕಿರಿಯರಿಗೆ ಪಾಠ ಹೇಳುವವರು ನಾವು! ಮಗಳು ಒಂದು ವಾರ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ.

ಪರಿಚಿತರೊಬ್ಬರಿಂದ ಯುವಿ ಮಾಪಕ ಎರವಲು ತಂದು ಅಳೆದೆವು. ಹವಾಮಾನ ವರದಿಯಲ್ಲಿ ಕೇಳುವ ಯುವಿ ಸೂಚ್ಯಂಕವನ್ನೇ ಅದು ತೋರಿಸುತ್ತದೆ. ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು 2010ರಲ್ಲಿ ಕಾಡಿನ ಸರೀಸೃಪಗಳು ದಿನದಲ್ಲಿ ಎಷ್ಟು ಯುವಿಗೆ ಒಡ್ಡಿಕೊಳ್ಳುತ್ತವೆಂದು ಅಳೆದು ನಾಲ್ಕು ವಲಯಗಳನ್ನು ಮಾಡಿದರು. ಅಂಥ ಲೆಕ್ಕದಿಂದಲೇ ಈ ಜಾತಿಗೆ ಬಿಸಿಲುಕೊಂಬೆಯಲ್ಲಿ ಸೂಚ್ಯಂಕ 3ರ ಆಸುಪಾಸು ಇರಲಿ ಎಂದು ಅನುಭವಿಗಳು ಹೇಳುತ್ತಾರೆ. ನಮ್ಮಲ್ಲಿದ್ದದ್ದು 0.5. ಎಲೆಯ ಕೆಳಗೆ ಸೊನ್ನೆ.

ಹೊಸ ಟ್ಯೂಬು ಹಾಕಿದೆವು, ಕೊಂಬೆ ಮೇಲೇರಿತು. ಶಾಖದ ಬುರುಡೆಯನ್ನು ಜಾಲರಿಯಿಂದ ನಾಲ್ಕಿಂಚು ಎತ್ತರಕ್ಕೆ ಸರಪಳಿಯಲ್ಲಿ ತೂಗುಬಿಟ್ಟೆವು. ಜೋತುಬಿದ್ದರೂ ಸುಡದಿರಲಿ ಎಂದು. ಅಳತೆಯನ್ನು ಕೊಂಬೆಯ ಮೇಲಲ್ಲ, ಅವನ ಬೆನ್ನು, ಶಿಖೆ ಬರುವ ಎತ್ತರದಲ್ಲಿ ತೆಗೆಯಬೇಕು. ಎರಡು ಮೂರು ಇಂಚಿಗೆ ಬಹಳ ವ್ಯತ್ಯಾಸ. ಕುಂಡಗಳನ್ನು ಬಿಸಿಲುಕೊಂಬೆಯ ನೇರ ಕೆಳಗೆ, ಪಕ್ಕಕ್ಕೆ ಸರಿಸಿದೆವು. ಒಂದು ಹೆಜ್ಜೆ ಇಟ್ಟರೆ ನೆರಳು, ಇನ್ನೊಂದಕ್ಕೆ ಬಿಸಿಲು. ಪ್ರತಿ ಭಾನುವಾರ ಬಳ್ಳಿಯ ಕುಡಿ ಕತ್ತರಿಸುವುದು ಮಗಳ ಕೆಲಸ. ಕತ್ತರಿಸಿದ ಕುಡಿಗಳನ್ನು ಬಾಟಲಿಯಲ್ಲಿ ಬೇರು ಬಿಡಿಸಿದ್ದೇವೆ, ಬೇಕಾದವರು ಒಯ್ಯಬಹುದು.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆ. ನೀರು ಸಿಂಪಡಿಸುವ ಗೂಡಿನ ಪಕ್ಕದ ವೈರುಗಳು ಗೋಡೆಯ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋಲಿ ಬಿಟ್ಟು ಮೇಲೇರಬೇಕು. ಹರಿದುಬಂದ ಹನಿ ಆ ಜೋಲಿಯಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಬಿಸಿ ಬುರುಡೆಗೆ ನೀರು ತಾಗಿದರೆ ಸಿಡಿಯುತ್ತದೆ. ನಮ್ಮ ಸಿಂಪಡಣೆ ದೀಪ ಹೊತ್ತುವ ಮೊದಲು ಮತ್ತು ಆರಿದ ಮೇಲೆ. ರಾತ್ರಿ ಕೆಂಪು ದೀಪ ಇತ್ಯಾದಿ ಏನೂ ಬೇಡ. ಪೂರ್ತಿ ಕತ್ತಲು, ಸ್ವಲ್ಪ ತಂಪು.

ಬಣ್ಣದ ವಿಷಯ ಕೇಳಿದವರೇ ಹೆಚ್ಚು. ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಾಯಿಸುತ್ತದೆ ಎಂಬುದು ನಮ್ಮ ರಾಜಕಾರಣಿಗಳಿಗೆ ಹೊಂದುವ ಮಾತು. ಗೋಸುಂಬೆ ಬದಲಾಯಿಸುವುದು ಬಹುಪಾಲು ಮೈಬಿಸಿಗೆ, ಸಿಟ್ಟಿಗೆ, ಹೆದರಿಕೆಗೆ. ಚಳಿಯಾದರೆ ಶಾಖ ಹೀರಲು ಕಪ್ಪಾಗುತ್ತದೆ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಎಂಬ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬೆಳಕಿನ ಬೇರೆ ಬೇರೆ ಬಣ್ಣ ಪ್ರತಿಫಲಿಸುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ಯಾಂಥರ್ ಗೋಸುಂಬೆಗಳಲ್ಲಿ ತೋರಿಸಿದರು.

ದ್ರವರೂಪದ ಕ್ಯಾಲ್ಸಿಯಂ, ಪುಡಿ ಸವರಿದ ಹುಳು, ಹೊಸ ಬೆಳಕು — ಮೂರು ತಿಂಗಳಿಗೆ ನಾಲಿಗೆ ಮತ್ತೆ ಗುರಿ ಮುಟ್ಟಿತು. ಎಡ ಮುಂಗಾಲು ಮಾತ್ರ ಬಾಗಿದ್ದು ಬಾಗಿದಂತೆಯೇ ಉಳಿದಿದೆ. ಅದು ನೆಟ್ಟಗಾಗುವುದಿಲ್ಲ ಎಂದಿದ್ದಾರೆ ವೈದ್ಯರು. ಅವನಿಗೆ ಅನುಕೂಲವಾಗಲೆಂದು ಆ ಕಡೆಯ ಕೊಂಬೆಗಳನ್ನು ಸ್ವಲ್ಪ ತೆಳ್ಳಗಿನವು ಹಾಕಿ, ನಡುವಿನ ಅಂತರ ಕಡಿಮೆ ಮಾಡಿದ್ದೇವೆ. ಟ್ಯೂಬಿನ ಮೇಲೆ ಹಾಕಿದ ತಾರೀಖನ್ನು ಮಗಳೇ ಮಾರ್ಕರಿನಲ್ಲಿ ಬರೆದಿದ್ದಾಳೆ.

ಮುಂದಿನ ಗೋಷ್ಠಿಯೂ ನಮ್ಮಲ್ಲೇ. ರಂಗಣ್ಣನ ದೀಪ ಸಂಜೆ ಏಳಕ್ಕೆ ಆರುತ್ತದೆ, ಅವನು ಆರೂವರೆಗೇ ಮಲಗುವ ತಯಾರಿ ನಡೆಸುತ್ತಾನೆ. ನೋಡಬೇಕೆನ್ನುವವರು ಐದೂವರೆಗೇ ಬನ್ನಿ. ಜಾಲರಿಯನ್ನು ತಟ್ಟಬೇಡಿ, ಮಕ್ಕಳಿಗೂ ಹೇಳಿ.