ಅರಿಸಿನ ಕೆಂಪಾಗುವುದೇಕೆ?

ಚಿಕ್ಕ ಮಕ್ಕಳು ಚಿತ್ರ ಬರೆಯಲು ಅಂಗಡಿಯ ಬಣ್ಣವೇ ಬೇಕೆಂದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮನೆಯಲ್ಲಿ ಅರಿಸಿನ, ಹೊಲದಲ್ಲಿ ಕೆಮ್ಮಣ್ಣು, ತೋಟದಲ್ಲಿ ತೆಂಗಿನ ನಾರು ಉಂಟು. ನಾರನ್ನು ಕಡ್ಡಿಗೆ ಕಟ್ಟಿದರೆ ಕುಂಚ. ಕಾಗದಕ್ಕೆ ಅಂಟಿಸಿದರೆ ಚಿತ್ರದ ಮರಕ್ಕೆ ಕಾಂಡ.

ಮೊದಲು ಅರಿಸಿನದ ನೀರಿಗೆ ಕೆಮ್ಮಣ್ಣನ್ನು ಕಲಸಿಸೋಣ. ಎರಡರ ನಡುವಣ ಬಣ್ಣ ಬರುವುದು. ಬಳಿಕ, ಅರಿಸಿನ ಬಳಿದ ಕಾಗದದ ಮೇಲೆ ಸಾಬೂನಿನ ನೀರಿನಿಂದ ಗೆರೆ ಎಳೆಯಿಸುವ ಮುನ್ನ, "ಯಾವ ಬಣ್ಣ ಬಂದೀತು?" ಎಂದು ಕೇಳೋಣ. ಬಣ್ಣವಿಲ್ಲದ ನೀರು ಕೆಂಗಂದು ಗೆರೆಯನ್ನು ಮೂಡಿಸುವುದು! ಆರತಿಯ ನೀರಿನಲ್ಲಿ ಸುಣ್ಣವು ಮಾಡುವುದೂ ಇದನ್ನೇ. ಮೊದಲನೆಯದು ಬರಿಯ ಬೆರಕೆ. ಎರಡನೆಯದು ರಾಸಾಯನಿಕ ಕ್ರಿಯೆ. ಕ್ಷಾರ ಸೋಕಿದೊಡನೆ ಅರಿಸಿನದ ಕರ್ಕ್ಯುಮಿನ್ ಅಣುವು ಮಾರ್ಪಟ್ಟು, ಅದು ಹೀರುವ ಬೆಳಕೂ ಬೇರೆಯಾಗುತ್ತದೆ. ನಿಂಬೆಯ ರಸ ತಾಗಿದರೆ ಹಳದಿ ಮರಳುತ್ತದೆ.

ಸುಣ್ಣವು ಕಣ್ಣನ್ನು ಸುಡುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬಾರದು. ಉತ್ತರವನ್ನೂ ಮುಂಚೆಯೇ ಕೊಡಬಾರದು. ಚಿತ್ರವನ್ನು ಬಿಸಿಲು ಬೀಳುವೆಡೆ ತೂಗುಹಾಕಿದರೆ, ಬೆಳಕಿಗೆ ಒಡೆಯುವ ಅರಿಸಿನದ ಬಣ್ಣ ಮಂಕಾಗುವುದು. ಕಬ್ಬಿಣದ ಆಕ್ಸೈಡಿನಿಂದಾದ ಕೆಮ್ಮಣ್ಣಿನ ಬಣ್ಣ ಉಳಿಯುವುದು. ಏಕೆಂದು ಮಗುವೇ ಕೇಳುವವರೆಗೆ ನಾವು ಕಾಯೋಣ.