ಎರಡು ಊರಿನಲ್ಲಿ ಸರ್ವರ್ ಇದ್ದರೂ ವೆಬ್‌ಸೈಟ್ ಯಾಕೆ ನಿಲ್ತದೆ?

ಫಲಿತಾಂಶ ಬರುವ ದಿನ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಪ್ರವೇಶದ ಅಲಾಟ್‌ಮೆಂಟ್ ದಿನ. ಈ ಮೂರು ದಿನಗಳಲ್ಲಿ ನಾವೆಲ್ಲ ಕೇಳಿಯೇ ಕೇಳುವ ಮಾತೊಂದು ಉಂಟು: "ಸರ್ವರ್ ಡೌನ್." ಮಲಯಾಳದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ಮರಾಠಿಯಲ್ಲೋ ತೆಲುಗಿನಲ್ಲೋ ಕೇಳಿ, ಉತ್ತರದಲ್ಲಿ ಈ ಎರಡು ಶಬ್ದ ಮಾತ್ರ ಬದಲಾಗುವುದಿಲ್ಲ. ಒಂದೇ ಸಲಕ್ಕೆ ಎಲ್ಲರೂ ನುಗ್ಗಿದ್ದರಿಂದ ಹೀಗಾಯಿತು ಅಂತ ಮಕ್ಕಳಿಗೆ ಹೇಳಿ ಸುಮ್ಮನಾಗುತ್ತೇವೆ. ಅದೂ ಒಂದು ಕಾರಣ ಹೌದು. ಆದರೆ ಅಷ್ಟೇ ದೊಡ್ಡ ಇನ್ನೊಂದು ಕಾರಣ ಇದೆ: ನಡೆಯುತ್ತಾ ಇರುವ ವೆಬ್‌ಸೈಟಿಗೆ ಹೊಸ ಪ್ರೋಗ್ರಾಂ ಹಾಕುವ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ಕಂಪ್ಯೂಟರ್ ಕಲಿತಿರಬೇಕಾಗಿಲ್ಲ, ಗಣಿತದ ಸಂಭವನೀಯತೆಯ ಪಾಠ ಸಾಕು.

ಕ್ಲೌಡ್ ಇರುವುದು ನೆಲದ ಮೇಲೆ

ಕ್ಲೌಡ್ ಅಂದರೆ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳು, ಅಷ್ಟೆ. ಅವು ಇರುವ ಕಟ್ಟಡ ಡೇಟಾ ಸೆಂಟರ್. ಒಂದು ಪ್ರದೇಶದಲ್ಲಿರುವ ಇಂಥ ಡೇಟಾ ಸೆಂಟರ್‌ಗಳ ಗುಂಪಿಗೆ ರೀಜನ್ ಅಂತ ಹೆಸರು. ಅಮೆಜಾನ್ ಕಂಪನಿಯ ಕ್ಲೌಡಿಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ರೀಜನ್ ಇದೆ. ಗೂಗಲ್‌ಗೆ ಮುಂಬೈ ಮತ್ತು ದೆಹಲಿಯಲ್ಲಿ ಉಂಟು. ಮುಂಬೈಯಲ್ಲಿ ನೆರೆ ಬಂದರೂ, ವಿದ್ಯುತ್ ಕೈಕೊಟ್ಟರೂ ಹೈದರಾಬಾದಿನದು ನಡೆಯಲಿ ಅಂತ ಮುಖ್ಯವಾದ ವೆಬ್‌ಸೈಟ್‌ಗಳನ್ನು ಎರಡು ರೀಜನ್‌ಗಳಲ್ಲಿ ಇಡುತ್ತಾರೆ.

ಗುಣಾಕಾರದ ಭರವಸೆ

ವರ್ಷಕ್ಕೆ 8,760 ಗಂಟೆ. ಒಂದು ವೆಬ್‌ಸೈಟ್ ಶೇ. 99.9ರಷ್ಟು ಸಮಯ ನಡೆಯುತ್ತದೆ ಎಂದರೆ ವರ್ಷದಲ್ಲಿ ಸುಮಾರು 8 ಗಂಟೆ 46 ನಿಮಿಷ ನಿಂತಿರುತ್ತದೆ. ಶೇ. 99.99 ಆದರೆ ಸುಮಾರು 53 ನಿಮಿಷ. ಇನ್ನೊಂದು 9 ಸೇರಿಸಿದರೆ ಐದೂಕಾಲು ನಿಮಿಷ.

ಈಗ ಎರಡು ರೀಜನ್ ಇಟ್ಟುಕೊಳ್ಳೋಣ, ಎರಡೂ ಶೇ. 99.9ರವು. ಒಂದೊಂದೂ ನಿಂತಿರುವ ಸಂಭವನೀಯತೆ ಸಾವಿರಕ್ಕೆ ಒಂದು. ಎರಡೂ ಒಟ್ಟಿಗೆ ನಿಂತಿರುವ ಸಂಭವನೀಯತೆ 1/1000 × 1/1000, ಅಂದರೆ ಹತ್ತು ಲಕ್ಷಕ್ಕೆ ಒಂದು. ವರ್ಷಕ್ಕೆ ಬರೇ 32 ಸೆಕೆಂಡ್! ಲೆಕ್ಕ ಸರಿ ಇದೆ. ಆದರೂ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ನಿಲ್ತವೆ. ಯಾಕೆಂದರೆ ಹೀಗೆ ಗುಣಿಸಲು ಒಂದು ಷರತ್ತು ಇದೆ: ಎರಡು ಘಟನೆಗಳು ಸ್ವತಂತ್ರವಾಗಿರಬೇಕು.

ಇದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಎರಡು ನಾಣ್ಯಗಳನ್ನು 40 ಸಲ ಒಟ್ಟಿಗೆ ಚಿಮ್ಮಿಸಿ. ಎರಡೂ ಟೇಲ್ ಬೀಳುವುದು ಸುಮಾರು 10 ಸಲ. ಈಗ ಅದೇ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು, ಎರಡರದ್ದೂ ಹೆಡ್ ಒಂದೇ ಬದಿಗೆ ಬರುವ ಹಾಗೆ ಸೆಲ್ಲೋಟೇಪ್ ಸುತ್ತಿ ಚಿಮ್ಮಿಸಿ. ಈಗ ಸುಮಾರು 20 ಸಲ ಎರಡೂ ಟೇಲ್ ಬೀಳುತ್ತವೆ. ನಾಣ್ಯ ಎರಡಿದ್ದರೂ ಒಂದೇ ಇದ್ದ ಹಾಗೆ!

ಮುಂಬೈಗೂ ಹೈದರಾಬಾದಿಗೂ ಒಂದೇ ಗಳಿಗೆಯಲ್ಲಿ ಹೊಸ ಪ್ರೋಗ್ರಾಂ ಹಾಕುವುದೆಂದರೆ ಈ ಸೆಲ್ಲೋಟೇಪ್ ಸುತ್ತಿದ ಹಾಗೆಯೇ. ಅದರಲ್ಲೊಂದು ತಪ್ಪಿದ್ದರೆ ಎರಡೂ ಕಡೆ ಒಟ್ಟಿಗೇ ಬೀಳುತ್ತದೆ. ಎರಡನೆಯ ರೀಜನ್‌ಗೆ ಕೊಟ್ಟ ಬಾಡಿಗೆ ದಂಡ.

ಅಂಟು ಬಿಡಿಸುವ ಕ್ರಮ

ಹಾಗಾಗಿ ಮೊದಲ ನಿಯಮ: ಒಂದು ಸಲಕ್ಕೆ ಒಂದೇ ರೀಜನ್. ಅದರಲ್ಲೂ ಹಂತಗಳಿವೆ.

ಮೊದಲು ಆ ರೀಜನ್‌ಗೆ ಹೊಸಬರನ್ನು ಕಳಿಸುವುದನ್ನು ನಿಲ್ಲಿಸಬೇಕು, ಆಗಲೇ ಅರ್ಜಿ ತುಂಬುತ್ತಿರುವವರಿಗೆ ಮುಗಿಸಲು ಬಿಡಬೇಕು. ಬ್ಯಾಂಕಿನಲ್ಲಿ ಕೌಂಟರ್ ಮುಚ್ಚುವಾಗ ಬೋರ್ಡ್ ಇಟ್ಟು, ಸಾಲಿನಲ್ಲಿ ನಿಂತವರ ಕೆಲಸ ಮುಗಿಸಿ ಕೊಡ್ತಾರಲ್ಲ, ಹಾಗೆ. ಆಮೇಲೆ ಹೊಸ ಪ್ರೋಗ್ರಾಂ ಹಾಕಿ, ನೂರಕ್ಕೆ ಒಬ್ಬರನ್ನು ಮಾತ್ರ ಅದರ ಕಡೆ ಕಳಿಸಿ ನೋಡಬೇಕು. ಇದಕ್ಕೆ ಕ್ಯಾನರಿ ಅಂತ ಹೆಸರು. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ಪತ್ತೆಗೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಹಕ್ಕಿ ಮಂಕಾದರೆ ಜನ ಹೊರಗೆ ಓಡುತ್ತಿದ್ದರು. ಆ ಒಬ್ಬರಿಗೆ ತೊಂದರೆ ಕಾಣದಿದ್ದರೆ ಹತ್ತು ಜನ, ಐವತ್ತು ಜನ, ಕೊನೆಗೆ ಎಲ್ಲರೂ. ಇಷ್ಟಾದ ಮೇಲೂ ಕೆಲವು ಗಂಟೆ ಕಾದು ನೋಡಿಯೇ ಮುಂದಿನ ರೀಜನ್‌ಗೆ ಕೈಹಾಕಬೇಕು.

ಎರಡನೆಯದು: ಹಿಂದಕ್ಕೆ ಬರುವ ದಾರಿ. ಹೊಸದು ನಡೆಯತೊಡಗಿದ ಕೂಡಲೇ ಹಳೆಯದನ್ನು ಅಳಿಸಬಾರದು. ಪಕ್ಕದಲ್ಲೇ ಚಾಲೂ ಇಟ್ಟರೆ ತಪ್ಪು ಕಂಡಾಗ ಜನರನ್ನು ಆ ಕಡೆ ತಿರುಗಿಸಿದರೆ ಸಾಕು. ತಪ್ಪು ಎಲ್ಲಿ ಅಂತ ಆಮೇಲೆ ನಿಧಾನವಾಗಿ ಹುಡುಕಬಹುದು.

ಮೂರನೆಯದು: ಜಾಗ. ಮುಂಬೈಯನ್ನು ಬದಿಗಿಟ್ಟ ಹೊತ್ತಿನಲ್ಲಿ ಪೂರ್ತಿ ಭಾರ ಹೈದರಾಬಾದಿನ ಮೇಲೆ. ಆದ್ದರಿಂದ ಎರಡು ರೀಜನ್ ಇದ್ದರೆ ಒಂದೊಂದೂ ತನ್ನ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡ್ತಿರಬಾರದು. ಮೂರಿದ್ದರೆ ಮೂರರಲ್ಲಿ ಎರಡು ಪಾಲಿನವರೆಗೆ ಹೋಗಬಹುದು.

ನಾಲ್ಕನೆಯದು: ವಿಳಾಸ. ವೆಬ್‌ಸೈಟಿನ ಹೆಸರನ್ನು ಸಂಖ್ಯೆಯ ವಿಳಾಸವಾಗಿ ಬದಲಿಸಿ ಕೊಡುವ ವ್ಯವಸ್ಥೆ ಡಿಎನ್ಎಸ್. ಆ ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಡಬಹುದು ಅಂತಲೂ ಅದು ಹೇಳುತ್ತದೆ. 3,600 ಸೆಕೆಂಡ್ ಅಂತಿದ್ದರೆ ವಿಳಾಸ ಬದಲಾಯಿಸಿದ ಮೇಲೂ ಒಂದು ಗಂಟೆವರೆಗೆ ಕೆಲವರು ಹಳೆಯ ಬಾಗಿಲಿಗೇ ಹೋಗಿ ತಟ್ಟುತ್ತಾರೆ. ಆದ್ದರಿಂದ ಕೆಲಸ ಶುರು ಮಾಡುವ ಒಂದು ಗಂಟೆಗೂ ಮೊದಲೇ ಅದನ್ನು 60ಕ್ಕೆ ಇಳಿಸಿಡಬೇಕು.

ಹೆಸರಿನ ಕಾಲಂ ಬದಲಾಯಿಸುವುದು

ಎಲ್ಲಕ್ಕಿಂತ ಕಷ್ಟ ಡೇಟಾದ್ದು. ನಮ್ಮ ಶಾಲೆಗಳ ಹಾಜರಿ ಪುಸ್ತಕವನ್ನೇ ತೆಗೆದುಕೊಳ್ಳಿ. ಹೊಸೂರು, ತಾಳವಾಡಿಯಲ್ಲಿ ಮಗುವಿನ ಹೆಸರಿಗೆ ಇನಿಷಿಯಲ್. ಜತ್ತ, ಅಕ್ಕಲಕೋಟೆಯಲ್ಲಿ ಮಗುವಿನ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಭಾಗ. 'ಹೆಸರು' ಅಂತ ಒಂದೇ ಕಾಲಂ ಇದ್ದ ವೆಬ್‌ಸೈಟಿನಲ್ಲಿ ಅದನ್ನು ಮೂರು ಮಾಡಬೇಕು ಅಂದುಕೊಳ್ಳಿ. ಹಳೆಯ ಕಾಲಂ ಕಿತ್ತು ಹೊಸದನ್ನು ಹಾಕಿದ ಕ್ಷಣ, ಇನ್ನೂ ಹಳೆಯ ಪ್ರೋಗ್ರಾಂ ನಡೆಯುತ್ತಿರುವ ರೀಜನ್ ಕಂಗಾಲಾಗುತ್ತದೆ. ಅದಕ್ಕೆ ಬೇಕಾದ ಕಾಲಮ್ಮೇ ಇಲ್ಲ!

ಸರಿಯಾದ ಕ್ರಮ ಹೀಗೆ. ಹಳೆಯ ಕಾಲಂ ಹಾಗೇ ಇರಲಿ, ಪಕ್ಕದಲ್ಲಿ ಮೂರು ಹೊಸ ಕಾಲಂ ಸೇರಿಸಿ. ಪ್ರೋಗ್ರಾಂ ಎರಡೂ ಕಡೆ ಬರೆಯಲಿ. ಹಳೆಯ ದಾಖಲೆಗಳನ್ನೂ ಹೊಸ ಕಾಲಂಗಳಿಗೆ ಇಳಿಸಿ. ಆಮೇಲೆ ಒಂದೊಂದೇ ರೀಜನ್ ಹೊಸ ಕಾಲಂನಿಂದ ಓದತೊಡಗಲಿ. ಹಳೆಯದನ್ನು ಯಾರೂ ಮುಟ್ಟುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಅದನ್ನು ತೆಗೆಯಿರಿ. ಒಂದು ರಾತ್ರಿಯ ಕೆಲಸ ಕೆಲವು ವಾರ ಆಗ್ತದೆ ನಿಜ. ಆದರೆ ಆ ವಾರಗಳಲ್ಲಿ ಒಂದು ನಿಮಿಷವೂ ವೆಬ್‌ಸೈಟ್ ನಿಲ್ಲಿಸಬೇಕಾಗಿಲ್ಲ, ಯಾವ ಹಂತದಲ್ಲೂ ಹಿಂದಕ್ಕೆ ಬರಬಹುದು.

2025ರ ಜೂನ್ 12

ಇಷ್ಟೆಲ್ಲ ಗೊತ್ತಿದ್ದವರಿಗೂ ಅಂಟು ಎಲ್ಲಿ ಉಳಿದಿದೆ ಅಂತ ಕೆಲವೊಮ್ಮೆ ಕಾಣುವುದಿಲ್ಲ. ಆ ದಿನ ಗೂಗಲ್ ಕ್ಲೌಡ್ ಪ್ರಪಂಚದಾದ್ಯಂತ ಒಟ್ಟಿಗೇ ತಡವರಿಸಿತು. ನಮ್ಮಲ್ಲಿ ಆಗ ರಾತ್ರಿ 11 ಗಂಟೆ ದಾಟಿತ್ತು. ಏನಾಯಿತು ಅಂತ ಕಂಪನಿಯೇ ವರದಿ ಕೊಟ್ಟಿತು.

ಬಳಕೆದಾರರ ಅನುಮತಿ ಮತ್ತು ಮಿತಿಗಳನ್ನು ಪರೀಕ್ಷಿಸುವ ಪ್ರೋಗ್ರಾಂಗೆ ಮೇ 29ರಂದು ಹೊಸ ಭಾಗ ಸೇರಿಸಿದ್ದರು. ಅದನ್ನು ನಿಯಮದಂತೆ ಒಂದೊಂದೇ ರೀಜನ್‌ಗೆ ಹಾಕಿದ್ದರು, ಎಲ್ಲಿಯೂ ತೊಂದರೆ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ತಪ್ಪಿದ್ದ ಸಾಲುಗಳು ಕೆಲಸ ಮಾಡಬೇಕಾದರೆ ಒಂದು ವಿಶೇಷ ಬಗೆಯ ಮಾಹಿತಿ ಬರಬೇಕಿತ್ತು, ಅದು ಬಂದಿರಲೇ ಇಲ್ಲ. ಜೂನ್ 12ರಂದು ಬಂತು. ಅದರಲ್ಲಿ ಕೆಲವು ಜಾಗ ಖಾಲಿ ಇತ್ತು. ಈ ಮಾಹಿತಿ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ರೀಜನ್‌ಗಳಿಗೂ ನಕಲಾಯಿತು. ಖಾಲಿ ಜಾಗ ಓದಲಾರದೆ ಪ್ರೋಗ್ರಾಂ ಎಲ್ಲ ಕಡೆ ಒಂದೇ ಹೊತ್ತಿಗೆ ಬಿದ್ದಿತು. ಪ್ರೋಗ್ರಾಂ ಮೆಲ್ಲಗೆ ನಡೆದು ಹೋಗಿತ್ತು, ಮಾಹಿತಿ ಮಾತ್ರ ಓಡಿ ಹೋಯಿತು. ಜೊತೆಗೆ, ಹೊಸ ಭಾಗವನ್ನು ಬೇಕೆನಿಸಿದ ಕಡೆ ಮಾತ್ರ ಆನ್ ಮಾಡುವ ಸ್ವಿಚ್ ಅದಕ್ಕೆ ಇರಲಿಲ್ಲ.

ಕಾರಣ ಹತ್ತೇ ನಿಮಿಷದಲ್ಲಿ ಸಿಕ್ಕಿತು. ಸುಮಾರು 40 ನಿಮಿಷದಲ್ಲಿ ಆ ಭಾಗವನ್ನು ಎಲ್ಲ ಕಡೆ ಆಫ್ ಮಾಡಿದರು. ಹೆಚ್ಚಿನ ರೀಜನ್‌ಗಳು ಚೇತರಿಸಿಕೊಂಡವು. ಆದರೆ ಅಮೆರಿಕದ ಒಂದು ದೊಡ್ಡ ರೀಜನ್‌ಗೆ 2 ಗಂಟೆ 40 ನಿಮಿಷದವರೆಗೆ ಹಿಡಿಯಿತು. ಬಿದ್ದಿದ್ದ ಪ್ರೋಗ್ರಾಂಗಳೆಲ್ಲ ಒಟ್ಟಿಗೇ ಎದ್ದು ಒಂದೇ ಡೇಟಾಬೇಸಿನ ಮೇಲೆ ಮುಗಿಬಿದ್ದದ್ದೇ ಅದಕ್ಕೆ ಕಾರಣ.

ಈ ಘಟನೆ ಹೇಳುವುದಿಷ್ಟು: ಪ್ರೋಗ್ರಾಂ ಆಗಲಿ, ಡೇಟಾ ಆಗಲಿ, ಸೆಟ್ಟಿಂಗ್ ಆಗಲಿ, ಎಲ್ಲ ರೀಜನ್‌ಗಳಿಗೆ ಒಂದೇ ಕ್ಷಣಕ್ಕೆ ತಲಪುವ ಯಾವುದೇ ಬದಲಾವಣೆ ನಾಣ್ಯಗಳನ್ನು ಮತ್ತೆ ಅಂಟಿಸುತ್ತದೆ.

ನಮ್ಮ ಕೈಯಲ್ಲಿರುವುದು

ದೊಡ್ಡ ವೆಬ್‌ಸೈಟುಗಳನ್ನು ನಡೆಸುವವರು ನಾವಲ್ಲ. ಆದರೆ ಕೊನೆಯ ದಿನ ಮಗುವಿನ ಅರ್ಜಿ ಕಳಿಸಲು ಕೂತವರು ನಾವೇ. ಪುಟ ತೆರೆಯದಿದ್ದರೆ ಬಿಡದೆ ರಿಫ್ರೆಶ್ ಒತ್ತುವುದರಿಂದ ಚೇತರಿಸಿಕೊಳ್ಳುತ್ತಿರುವ ಸರ್ವರ್ ಮೇಲೆ ಭಾರ ಇನ್ನೂ ಹೆಚ್ಚಾಗುತ್ತದೆ. ಒಂದು ನಿಮಿಷ ಕಾದು ನೋಡಿ, ಆಗದಿದ್ದರೆ ಎರಡು, ಆಮೇಲೆ ನಾಲ್ಕು, ಎಂಟು. ಒಳ್ಳೆಯ ಪ್ರೋಗ್ರಾಂಗಳಿಗೂ ಕಲಿಸುವುದು ಇದನ್ನೇ. ಪುಟ ಮಧ್ಯದಲ್ಲಿ ನಿಂತಿದ್ದರೆ ಅರ್ಜಿ ಸಂಖ್ಯೆ ಬಂದಿದೆಯಾ ಅಂತ ನೋಡದೆ ಎರಡನೇ ಸಲ ಕಳಿಸಬೇಡಿ. ಶಾಲೆಯ ಆನ್‌ಲೈನ್ ಫಾರ್ಮ್ ನಿಮ್ಮ ಕೈಯಲ್ಲೇ ಇದ್ದರೆ, ಕೊನೆಯ ದಿನ ಅದರ ಒಂದು ಪ್ರಶ್ನೆಯನ್ನೂ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸಿ, ಮೊದಲು ಒಂದು ತರಗತಿಗೆ ಮಾತ್ರ ಕೊಟ್ಟು ನೋಡಿ.