ಅರ್ಹತೆ ಬ್ಯಾಂಕಿನ ಲೆಕ್ಕ, ಸಾಲ ನಿಮ್ಮ ಲೆಕ್ಕ

ಹೊಸದಾಗಿ ಕೆಲಸಕ್ಕೆ ಸೇರಿದವರ ಖಾತೆಗೆ ನಾಲ್ಕಾರು ಸಂಬಳ ಬೀಳುವುದರೊಳಗೆ ‘ನೀವು ಕ್ರೆಡಿಟ್ ಕಾರ್ಡಿಗೆ ಅರ್ಹರು’ ಎಂಬ ಕರೆ ಬಂದಿರುತ್ತದೆ. ತಮ್ಮ ಹಣಕಾಸಿನ ಸ್ಥಿತಿ ಚೆನ್ನಾಗಿದೆ ಎಂದು ಬ್ಯಾಂಕೇ ಹೇಳಿದಂತಾಯಿತು ಎಂದು ಅನೇಕರು ತಿಳಿಯುತ್ತಾರೆ. ಇದು ಅಪಾಯದ ತಿಳಿವಳಿಕೆ. ಬ್ಯಾಂಕ್ ನೋಡುವುದು ತಾನು ಕೊಟ್ಟ ಹಣ ವಾಪಸು ಬರುತ್ತದೆಯೇ ಎಂಬುದನ್ನು. ಅದನ್ನು ವಾಪಸು ಕಟ್ಟುವಾಗ ನಿಮ್ಮ ಮನೆಯ ಗತಿ ಏನಾಗುತ್ತದೆ ಎಂಬುದು ಅದರ ಅರ್ಜಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ: ಟೋಟಲ್ ಡ್ಯೂ ಮತ್ತು ಮಿನಿಮಮ್ ಡ್ಯೂ. ಒಟ್ಟು ಬಾಕಿ 50,000 ರೂಪಾಯಿ, ಮಿನಿಮಮ್ ಅದರ ಶೇ 5, ಬಡ್ಡಿ ತಿಂಗಳಿಗೆ ಶೇ 3.5 ಎಂದಿಟ್ಟುಕೊಳ್ಳಿ. ನೀವು 2,500 ಕಟ್ಟಿದಿರಿ, 47,500 ಉಳಿಯಿತು. ಮುಂದಿನ ಬಿಲ್ಲಿನಲ್ಲಿ ಅದರ ಮೇಲೆ ಸುಮಾರು 1,662 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಸುಮಾರು 299 ಸೇರುತ್ತದೆ. ಕಟ್ಟಿದ್ದು 2,500, ಸಾಲ ಇಳಿದದ್ದು 540 ರೂಪಾಯಿಯೂ ಇಲ್ಲ. ಹೊಸದಾಗಿ ಏನನ್ನೂ ಕೊಳ್ಳದೆ ಒಂದು ವರ್ಷ ಹೀಗೆಯೇ ಕಟ್ಟಿದರೆ ಕೈಯಿಂದ ಹೋಗುವುದು 28,000ಕ್ಕೂ ಹೆಚ್ಚು. ಬಾಕಿ ಇನ್ನೂ 43,900ರ ಸುಮಾರಿಗೆ ನಿಂತಿರುತ್ತದೆ. ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷ ದಾಟಬೇಕು. ವಾಸ್ತವ ಇದಕ್ಕಿಂತ ಕಠಿಣ, ಏಕೆಂದರೆ ಪೂರ್ತಿ ಬಾಕಿ ಕಟ್ಟದವರಿಗೆ ಬಡ್ಡಿರಹಿತ ಅವಧಿಯೇ ಇಲ್ಲವಾಗುತ್ತದೆ. ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ನಮ್ಮ ಊರುಗಳಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ‘ಅಯ್ಯೋ, ಬೇಡಪ್ಪ’ ಎನ್ನುತ್ತೇವೆ. ಪರವಾನಗಿ ಪಡೆದ ಲೇವಾದೇವಿದಾರರು ಆಧಾರವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬ ಮಿತಿ ಕರ್ನಾಟಕದಲ್ಲಿದೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 42ರ ಆಸುಪಾಸು. ಶೇ 30ಕ್ಕಿಂತ ಹೆಚ್ಚು ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಸಿಬಿಲ್ ಸ್ಕೋರ್ ನೋಡಿಕೊಂಡರೆ ಸಾಕು ಎನ್ನುವವರಿದ್ದಾರೆ. 300ರಿಂದ 900ರವರೆಗಿನ ಆ ಅಂಕದಲ್ಲಿ 750 ದಾಟಿದವರನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಳ್ಳೆಯ ಗಿರಾಕಿಯೆಂದು ಪರಿಗಣಿಸುತ್ತವೆ. ಆದರೆ ಪ್ರತಿ ತಿಂಗಳೂ ತಪ್ಪದೆ ಮಿನಿಮಮ್ ಕಟ್ಟುತ್ತಾ ಬಂದವರು ದಾಖಲೆಯಲ್ಲಿ ಸುಸ್ತಿದಾರರಲ್ಲ, ಸಕಾಲಕ್ಕೆ ಕಟ್ಟುವವರೇ. ಬ್ಯಾಂಕಿಗೆ ಹೆಚ್ಚು ಬಡ್ಡಿ ತರುವವರೂ ಅವರೇ. ಲಿಮಿಟ್ಟಿನ ಹೆಚ್ಚು ಪಾಲು ಬಳಸಿದಂತೆ ಅಂಕ ಕೆಳಗಿಳಿಯಬಹುದು, ಅಷ್ಟೆ. ನಿಜವಾದ ಕುಸಿತ ಕಾಣುವುದು ಕಂತು ತಪ್ಪಿದ ಮೇಲೆ, ಅಂದರೆ ಮನೆಯವರಿಗೆ ಹೇಳಲಾಗದಷ್ಟು ಸಾಲ ಬೆಳೆದ ಮೇಲೆ.

ಇಡೀ ದೇಶವೇ ಹೀಗೆ ಸಿಕ್ಕಿಕೊಂಡ ಉದಾಹರಣೆ ದಕ್ಷಿಣ ಕೊರಿಯಾ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಅಲ್ಲಿನ ಸರ್ಕಾರ ತೆರಿಗೆ ವಿನಾಯಿತಿ, ರಸೀದಿಗೆ ಲಾಟರಿ ಕೊಟ್ಟು ಕಾರ್ಡ್ ಬಳಕೆಯನ್ನು ಹುರಿದುಂಬಿಸಿತು. ಕಂಪನಿಗಳು ಆದಾಯವನ್ನು ಸರಿಯಾಗಿ ವಿಚಾರಿಸದೆ ಕಾರ್ಡ್ ಹಂಚಿದವು. 2002ರ ಹೊತ್ತಿಗೆ ಕಾರ್ಡುಗಳ ಸಂಖ್ಯೆ ಹತ್ತು ಕೋಟಿ ಮೀರಿತು. ಜನ ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟತೊಡಗಿದರು. 2003ರ ಕೊನೆಗೆ ಸುಮಾರು 37 ಲಕ್ಷ ಮಂದಿ ಸುಸ್ತಿದಾರರಾಗಿದ್ದರು. ದೊಡ್ಡ ಕಂಪನಿಯಾದ ಎಲ್‌ಜಿ ಕಾರ್ಡ್ ದಿವಾಳಿಯ ಅಂಚಿಗೆ ಬಂದಿತ್ತು.

ಭಾರತದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡುಗಳು 2024ರ ಆರಂಭದಲ್ಲಿ ಹತ್ತು ಕೋಟಿ ದಾಟಿದವು. ನಮ್ಮ ಜನಸಂಖ್ಯೆಗೆ ಅದು ಕೊರಿಯಾದಷ್ಟು ದಟ್ಟವಲ್ಲ ಎಂಬುದು ನಿಜ. ಆದರೂ 2023ರ ನವೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಕಳವಳಗೊಂಡು, ಬ್ಯಾಂಕುಗಳ ಕಾರ್ಡ್ ಸಾಲದ ಅಪಾಯ ತೂಕವನ್ನು, ಅಂದರೆ ಆ ಸಾಲಕ್ಕೆ ಬ್ಯಾಂಕ್ ತೆಗೆದಿಡಬೇಕಾದ ಬಂಡವಾಳವನ್ನು ನಿರ್ಧರಿಸುವ ಅಳತೆಯನ್ನು, ಶೇ 125ರಿಂದ 150ಕ್ಕೆ ಏರಿಸಿತು. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಇನ್ನೊಂದು ಬದಲಾವಣೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಕಿರಾಣಿ ಅಂಗಡಿಯಲ್ಲಿ, ದರ್ಶಿನಿಯಲ್ಲಿ ಅದೇ ಕ್ಯೂಆರ್, ಅದೇ ಬಗೆಯ ಪಿನ್. ಆದರೆ ಖಾತೆಯ ಹಣ ಕರಗುವುದಿಲ್ಲ, ಸಾಲ ಏರುತ್ತದೆ. ಕಾರ್ಡ್ ಕೈಯಲ್ಲಿದ್ದಾಗ ಜನ ಹೆಚ್ಚು ಬೆಲೆ ಕೊಡಲು ಒಪ್ಪುತ್ತಾರೆ ಎಂಬುದನ್ನು ಎಂಐಟಿಯ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲೇ ತೋರಿಸಿದ್ದರು. ಆಟದ ಟಿಕೆಟ್ ಹರಾಜಿನಲ್ಲಿ ನಗದು ಕೊಡುವವರಿಗಿಂತ ಕಾರ್ಡಿನವರು ಕೂಗಿದ ಬೆಲೆ ಸರಾಸರಿ ಬಹಳ ಮೇಲಿತ್ತು.

ಹೀಗಾಗಿ ಕಾರ್ಡ್ ಆರಿಸುವಾಗ ರಿವಾರ್ಡ್ ಪಾಯಿಂಟ್, ಲೌಂಜ್ ಪ್ರವೇಶಗಳನ್ನು ಕೊನೆಗೆ ನೋಡಿ. ವಾರ್ಷಿಕ ಶುಲ್ಕ, ಬಡ್ಡಿ ದರ, ನಗದು ತೆಗೆದರೆ ಬೀಳುವ ಶುಲ್ಕ ಇವನ್ನು ಮೊದಲು ಓದಿ. ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ದಾಖಲಾಗಿ ಅಂಕ ತಗ್ಗಿಸಬಹುದು. ಸಂಬಳದ ಚೀಟಿ ಇಲ್ಲದವರು ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಪಡೆಯಬಹುದು. ಆಗ ಸಾಲಕ್ಕೆ ತಾನಾಗಿಯೇ ಒಂದು ಗಡಿ ಇರುತ್ತದೆ. ಕೇಳದೆ ಕಾರ್ಡ್ ಕಳಿಸುವುದನ್ನೂ, ಒಪ್ಪಿಗೆಯಿಲ್ಲದೆ ಲಿಮಿಟ್ ಏರಿಸುವುದನ್ನೂ ರಿಸರ್ವ್ ಬ್ಯಾಂಕಿನ ನಿಯಮಗಳು ನಿಷೇಧಿಸಿವೆ. ಕಾರ್ಡ್ ಮುಚ್ಚಿಸಲು ನೀವು ಕೇಳಿದಾಗ ಬಾಕಿ ಏನೂ ಇಲ್ಲದಿದ್ದರೆ ಬ್ಯಾಂಕ್ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.

ಈಗಾಗಲೇ ಕಾರ್ಡ್ ಇರುವವರು ಇವತ್ತೇ ಆ್ಯಪ್ ತೆರೆದು ಆಟೋ ಡೆಬಿಟ್ ವಿಭಾಗಕ್ಕೆ ಹೋಗಿ. ಅಲ್ಲಿ ‘ಮಿನಿಮಮ್ ಡ್ಯೂ’ ಎಂದು ಆಯ್ಕೆಯಾಗಿದ್ದರೆ ‘ಟೋಟಲ್ ಡ್ಯೂ’ ಎಂದು ಬದಲಿಸಿ. ಅಷ್ಟು ಹಣ ಖಾತೆಯಲ್ಲಿ ಇರುವುದಿಲ್ಲ ಎಂದು ಅನ್ನಿಸಿದರೆ ಲಿಮಿಟ್ ಇಳಿಸಲು ಬ್ಯಾಂಕಿಗೆ ಬರೆಯಿರಿ.